ಮನೆಯ ಮಾತು, ಶಾಲೆಯ ಅಕ್ಷರ

ಶಾಲೆಗೆ ಸೇರುವ ಮೊದಲೇ ನಿಮಗೆ ಏನೇನು ತಿಳಿದಿತ್ತು? ಅದನ್ನು ನಿಮಗೆ ಕಲಿಸಿದವರು ಯಾರು? ಗೆಳೆಯರೊಂದಿಗೆ ಮಾತನಾಡಿ. ಅನಂತರ ಈ ಲೇಖನವನ್ನು ಓದಿ.

ಓದು ಬರಹ ಕಲಿಯುವುದು ಎಲ್ಲಿ ಎಂದು ಕೇಳಿದರೆ ಎಲ್ಲರೂ ತಟ್ಟನೆ "ಶಾಲೆಯಲ್ಲಿ" ಎನ್ನುತ್ತಾರೆ. ಈ ಉತ್ತರ ತಪ್ಪಲ್ಲ, ಆದರೆ ಪೂರ್ತಿ ಸರಿಯೂ ಅಲ್ಲ. ಪ್ರವೇಶೋತ್ಸವದ ದಿನ ಒಂದನೇ ತರಗತಿಗೆ ಬರುವ ಮಗುವಿನ ಚೀಲದಲ್ಲಿ ಹೊಸ ಪುಸ್ತಕ, ಸ್ಲೇಟು, ಪೆನ್ಸಿಲು ಇರುತ್ತವೆ. ಅವು ನಮ್ಮ ಕಣ್ಣಿಗೆ ಕಾಣುತ್ತವೆ. ಅದೇ ಮಗು ಐದು ವರ್ಷ ಮನೆಯಲ್ಲಿ ಕೇಳಿದ ಮಾತು, ಕತೆ, ಹಾಡು, ಲೆಕ್ಕ ಇವುಗಳನ್ನೂ ಹೊತ್ತುಕೊಂಡು ಬಂದಿರುತ್ತದೆ. ಅವು ಕಣ್ಣಿಗೆ ಕಾಣುವುದಿಲ್ಲ. ಆದ್ದರಿಂದ ಅವು ಇಲ್ಲವೇ ಇಲ್ಲ ಎಂದು ಹಲವರು ತಿಳಿಯುತ್ತಾರೆ.

ಓದು ಬರಹದ ಬೇರು ಮನೆಯಲ್ಲಿದೆ ಎಂಬುದು ನನ್ನ ಅಭಿಪ್ರಾಯ. ಮನೆಯ ಮಾತು ಯಾವುದೇ ಇರಲಿ, ಮನೆಯಲ್ಲಿ ಪುಸ್ತಕ ಇರಲಿ ಇಲ್ಲದಿರಲಿ, ಆ ಬೇರು ಅಲ್ಲಿ ಇದ್ದೇ ಇದೆ. ಅದಕ್ಕೆ ನೀರೆರೆಯುವುದು ಶಾಲೆಯ ಕೆಲಸ. ಬೇರನ್ನು ಕಿತ್ತು ಹೊಸ ಗಿಡ ನೆಡಲು ಹೊರಟರೆ ಗಿಡವೂ ಬದುಕುವುದಿಲ್ಲ. ಇದು ಹೇಗೆ ಎಂದು ನಮ್ಮ ಕಾಸರಗೋಡು ಜಿಲ್ಲೆಯ ಉದಾಹರಣೆಗಳಿಂದಲೇ ನೋಡೋಣ.

ಕಿವಿಯಿಂದ ತೊಡಗುವ ಓದು

ಓದು ಕಣ್ಣಿನ ಕೆಲಸ ಎಂದು ನಾವು ಅಂದುಕೊಳ್ಳುತ್ತೇವೆ. ಆದರೆ ಅದು ತೊಡಗುವುದು ಕಿವಿಯಿಂದ. ತೊಟ್ಟಿಲಲ್ಲಿ ಮಲಗಿದ ಮಗು ಜೋಗುಳ ಕೇಳುತ್ತದೆ. ಅರ್ಥ ತಿಳಿಯದಿದ್ದರೂ ಒಂದೇ ಬಗೆಯ ಧ್ವನಿಗಳು ಮತ್ತೆ ಮತ್ತೆ ಬರುವುದನ್ನು ಗುರುತಿಸುತ್ತದೆ. ಸ್ವಲ್ಪ ದೊಡ್ಡದಾದ ಮೇಲೆ ಕೈತಟ್ಟಿ ಹಾಡುತ್ತದೆ. ಪ್ರಾಸಕ್ಕೆ ಪ್ರಾಸ ಕೂಡಿಸಿ ನಗುತ್ತದೆ. ಮಾತನ್ನು ತುಂಡು ತುಂಡು ಮಾಡಿ ಕೇಳುವ ಅಭ್ಯಾಸ ಅದಕ್ಕೆ ಹೀಗೆ ಬರುತ್ತದೆ. "ಮ-ರ", "ಮ-ನೆ", "ಮ-ಗು" ಈ ಮೂರು ಪದಗಳೂ ಒಂದೇ ಧ್ವನಿಯಿಂದ ತೊಡಗುತ್ತವೆ ಎಂದು ಕಿವಿಗೆ ಗೊತ್ತಾದ ಮಗುವಿಗೆ "ಮ" ಎಂಬ ಅಕ್ಷರ ಕಲಿಸುವುದು ಸುಲಭ. ಕಿವಿಗೆ ಗೊತ್ತಾಗದ ಮಗುವಿಗೆ "ಮ" ಬರಿಯ ಒಂದು ಗೆರೆ.

ಕತೆಯೂ ಹಾಗೆಯೇ. ಅಡಿಕೆ ತೋಟಗಳಿರುವ ನಮ್ಮ ಊರುಗಳಲ್ಲಿ ರಾತ್ರಿ ಮನೆಮಂದಿ ಒಟ್ಟಿಗೆ ಕುಳಿತು ಅಡಿಕೆ ಸುಲಿಯುವುದುಂಟು. ಕೈ ಕೆಲಸ ಮಾಡುತ್ತಿದ್ದರೆ ಬಾಯಿ ಕತೆ ಹೇಳುತ್ತಿರುತ್ತದೆ. ಆಟಿ ತಿಂಗಳ ಜಡಿಮಳೆಯಲ್ಲಿ ಹೊರಗೆ ಹೋಗಲಾರದ ಮಕ್ಕಳು ಅಜ್ಜಿಯ ಸುತ್ತ ಸೇರುತ್ತಾರೆ.

"ಅಜ್ಜಿ, ಮತ್ತೆ ಎಂತ ಆಯ್ತು?"

"ಮತ್ತೆ ಎಂತ ಆಗ್ತದೆ? ನೀನೇ ಹೇಳು ನೋಡುವ."

ಇದು ಎರಡೇ ಸಾಲಿನ ಮಾತು. ಆದರೆ ಇದರಲ್ಲಿ ದೊಡ್ಡ ಪಾಠವಿದೆ. ಕತೆಗೆ ಒಂದು ಮೊದಲು, ಒಂದು ನಡು, ಒಂದು ಕೊನೆ ಇದೆ ಎಂದು ಮಗು ತಿಳಿಯುತ್ತದೆ. ಮುಂದೆ ಏನಾದೀತು ಎಂದು ಊಹಿಸಲು ಕಲಿಯುತ್ತದೆ. ಪುಸ್ತಕ ಓದುವಾಗ ನಾವು ಮಾಡುವುದೂ ಇದನ್ನೇ ಅಲ್ಲವೇ? ಊಹಿಸುವುದನ್ನು ಬಲ್ಲ ಮಗು ಓದನ್ನು ಅರ್ಧ ಕಲಿತಂತೆಯೇ ಸರಿ.

ಒಗಟುಗಳನ್ನು ನೋಡಿ. ತುಳುವಿನಲ್ಲಿ ಇವನ್ನು ಎದುರುಕತೆ ಎನ್ನುತ್ತಾರೆ. ಒಂದನ್ನು ಹೇಳಿ ಇನ್ನೊಂದನ್ನು ತಿಳಿಯಬೇಕು. "ಮೇಲೆ ತೂಗುವ ಕೊಡ, ಒಳಗೆ ನೀರಿದೆ, ಬಾಯಿ ಮಾತ್ರ ಇಲ್ಲ" ಎಂದರೆ ಎಳನೀರು ಎಂದು ಮಗು ಕೂಗುತ್ತದೆ. ಒಂದು ವಸ್ತುವಿಗೆ ಇನ್ನೊಂದನ್ನು ಗುರುತಾಗಿ ಇಡಬಹುದು ಎಂಬ ತಿಳಿವಳಿಕೆ ಇದು. ಅಕ್ಷರವೂ ಒಂದು ಗುರುತೇ. ಬಾಯಿಯ ಧ್ವನಿಗೆ ಕಾಗದದ ಮೇಲಿನ ಗುರುತು.

ಹಲವು ಮಾತಿನ ಊರು

ಕಾಸರಗೋಡನ್ನು ಸಪ್ತಭಾಷೆಗಳ ಸಂಗಮಭೂಮಿ ಎಂದು ಕರೆಯುತ್ತಾರೆ. 1956ರ ನವೆಂಬರ್ 1ರಂದು ಭಾಷಾವಾರು ರಾಜ್ಯಗಳು ರೂಪುಗೊಂಡಾಗ ದಕ್ಷಿಣ ಕನ್ನಡಕ್ಕೆ ಸೇರಿದ್ದ ಕಾಸರಗೋಡು ಕೇರಳದ ಪಾಲಿಗೆ ಬಂತು. 1984ರ ಮೇ 24ರಂದು ಅದು ಪ್ರತ್ಯೇಕ ಜಿಲ್ಲೆಯಾಯಿತು. ಇಲ್ಲಿ ಕನ್ನಡ, ಮಲಯಾಳ, ತುಳು, ಕೊಂಕಣಿ, ಬ್ಯಾರಿ, ಮರಾಠಿ, ಉರ್ದು ಎಲ್ಲವೂ ಕೇಳಿಬರುತ್ತವೆ. ಕೊರಗ, ಕರಾಡ ಮುಂತಾದ ಇನ್ನೂ ಕೆಲವು ಮಾತುಗಳಿವೆ. ಕನ್ನಡದಲ್ಲಿಯೂ ಹವ್ಯಕರ ಮನೆಮಾತು ಬೇರೆ, ಪೇಟೆಯ ಮಾತು ಬೇರೆ, ಪುಸ್ತಕದ ಮಾತು ಬೇರೆ.

ಒಂದು ಲೋಟ ನೀರನ್ನು ಕೇಳುವ ಬಗೆಯನ್ನೇ ನೋಡಿ. ಕನ್ನಡದಲ್ಲಿ ನೀರು, ತುಳುವಿನಲ್ಲಿ ನೀರ್, ಮಲಯಾಳದಲ್ಲಿ ವೆಳ್ಳಂ, ಕೊಂಕಣಿಯಲ್ಲಿ ಉದಾಕ, ಉರ್ದುವಿನಲ್ಲಿ ಪಾನಿ. ತಾಯಿಯನ್ನು ಕರೆಯುವ ಬಗೆಯೂ ಹಾಗೆಯೇ. ಒಂದು ಮನೆಯಲ್ಲಿ ಅಮ್ಮ, ಇನ್ನೊಂದರಲ್ಲಿ ಅಬ್ಬೆ, ಮತ್ತೊಂದರಲ್ಲಿ ಅಪ್ಪೆ, ಪಕ್ಕದ ಮನೆಯಲ್ಲಿ ಉಮ್ಮ. ಕರೆಯುವ ಪದ ಬೇರೆಯಾದರೂ ಮಗುವಿನ ಕೂಗು ಒಂದೇ.

ಕನ್ನಡ ಮಾಧ್ಯಮದ ಒಂದನೇ ತರಗತಿಯಲ್ಲಿ ಈ ಎಲ್ಲ ಮನೆಗಳ ಮಕ್ಕಳೂ ಒಂದೇ ಬೆಂಚಿನಲ್ಲಿ ಕುಳಿತುಕೊಳ್ಳುತ್ತಾರೆ. ಮನೆಯಲ್ಲಿ ಕನ್ನಡ ಮಾತನಾಡುವ ಮಗುವಿಗೆ ಪಾಠ ಪರಿಚಿತ ಧ್ವನಿಯಲ್ಲಿ ಬರುತ್ತದೆ. ಮನೆಯಲ್ಲಿ ತುಳುವೋ ಬ್ಯಾರಿಯೋ ಮಾತನಾಡುವ ಮಗುವಿಗೆ ಒಂದೇ ದಿನ ಎರಡು ಹೊಸ ಕೆಲಸಗಳು ಎದುರಾಗುತ್ತವೆ. ಅದು ಅಕ್ಷರವನ್ನೂ ಕಲಿಯಬೇಕು, ಭಾಷೆಯನ್ನೂ ಕಲಿಯಬೇಕು. ತುಳುವಿನಲ್ಲಿ "ಇಲ್ಲ್" ಎಂದರೆ ಮನೆ. ಕನ್ನಡದಲ್ಲಿ "ಇಲ್ಲ" ಎಂದರೆ ಇಲ್ಲದಿರುವುದು. ಇಂತಹ ಗೊಂದಲದ ನಡುವೆ ಮಗು ಕೆಲವು ದಿನ ಸುಮ್ಮನಿದ್ದರೆ ಅದು ದಡ್ಡ ಎಂದು ತೀರ್ಮಾನಿಸುವುದು ಅನ್ಯಾಯ. ಆ ಮಗು ಮನೆಯಂಗಳದಲ್ಲಿ ಪಟಪಟನೆ ಮಾತನಾಡುತ್ತದೆ. ತರಗತಿಯಲ್ಲಿ ಮೌನವಾದುದು ಅದರ ಬುದ್ಧಿಯಲ್ಲ, ಅದರ ಮಾತು.

ಮನೆಮಾತು ಶಾಲೆಯ ಭಾಷೆಯನ್ನು ಕೆಡಿಸುತ್ತದೆ ಎಂದು ಕೆಲವರು ಹೇಳುತ್ತಾರೆ. ನಾನು ಇದನ್ನು ಒಪ್ಪುವುದಿಲ್ಲ. ಮನೆಮಾತು ಸೇತುವೆಯಾಗಬಲ್ಲುದು. ಕನ್ನಡದ ಹೂವು ತುಳುವಿನಲ್ಲಿ ಪೂ, ಮಲಯಾಳದಲ್ಲಿ ಪೂವ್. ಕನ್ನಡದ ಹತ್ತು ಎರಡರಲ್ಲಿಯೂ ಪತ್ತ್. ಕನ್ನಡದ ಹುಲಿ ತುಳುವಿನಲ್ಲಿ ಪಿಲಿ. ಹಳಗನ್ನಡದಲ್ಲಿ ಈ ಪದಗಳು ಪೂ, ಪತ್ತು, ಪುಲಿ ಎಂದೇ ಇದ್ದವು. ಅಂದರೆ ಕನ್ನಡದಲ್ಲಿ "ಹ" ಇರುವ ಕಡೆ ನಿಮ್ಮ ಮನೆಮಾತಿನಲ್ಲಿ "ಪ" ಇರಬಹುದು! ಇದನ್ನು ಗುರುತಿಸಿದ ಮಗು ಹೊಸ ಪದವನ್ನು ಕಲಿಯುವುದಿಲ್ಲ, ತನ್ನ ಹಳೆಯ ಪದಕ್ಕೆ ಹೊಸ ಅಂಗಿ ತೊಡಿಸುತ್ತದೆ. ಮನೆಮಾತಿಗೆ ಬಾಗಿಲು ಮುಚ್ಚಿದ ತರಗತಿಯಲ್ಲಿ ಈ ಸಂತೋಷ ಸಿಗಲಾರದು.

ನಮ್ಮ ಊರಿನ ಹಿರಿಯರ ಬದುಕು ಇದಕ್ಕೆ ಸಾಕ್ಷಿ. ಮಂಜೇಶ್ವರದ ಎಂ. ಗೋವಿಂದ ಪೈಗಳು (1883-1963) ಮನೆಯಲ್ಲಿ ಕೊಂಕಣಿ ಮಾತನಾಡಿ ಬೆಳೆದವರು. ಅವರು ಹಲವು ಭಾಷೆಗಳನ್ನು ಕಲಿತು ಕನ್ನಡದಲ್ಲಿ ಕಾವ್ಯ ಬರೆದರು. 1949ರಲ್ಲಿ ಅಂದಿನ ಮದ್ರಾಸು ಸರಕಾರ ಅವರನ್ನು ರಾಷ್ಟ್ರಕವಿ ಎಂದು ಗೌರವಿಸಿತು. ಕನ್ನಡದ ಮಕ್ಕಳಿಗೆ ಮರೆಯಲಾಗದ ಪದ್ಯಗಳನ್ನು ಕೊಟ್ಟ ಬಂಟ್ವಾಳದ ಪಂಜೆ ಮಂಗೇಶರಾಯರ (1874-1937) ಮನೆಮಾತೂ ಕೊಂಕಣಿಯೇ. ಬದಿಯಡ್ಕದ ಕಯ್ಯಾರ ಕಿಞ್ಞಣ್ಣ ರೈಗಳು (1915-2015) ತುಳು ಮನೆಯಿಂದ ಬಂದವರು. ಅವರು ಅಧ್ಯಾಪಕರಾಗಿ ಕನ್ನಡ ಕಲಿಸಿದರು. ಕನ್ನಡದಲ್ಲಿಯೂ ತುಳುವಿನಲ್ಲಿಯೂ ಕವಿತೆ ಬರೆದರು. ಕಾಸರಗೋಡಿನಲ್ಲಿ ಹುಟ್ಟಿದ ಸಾರಾ ಅಬೂಬಕ್ಕರ್ (1936-2023) ಅವರ ಮನೆಯ ಮಾತು ಮಲಯಾಳ. ಮುಸ್ಲಿಂ ಹೆಣ್ಣುಮಕ್ಕಳು ಶಾಲೆಗೆ ಹೋಗುವುದೇ ಅಪರೂಪವಾಗಿದ್ದ ಆ ಕಾಲದಲ್ಲಿ ಅವರು ಕನ್ನಡ ಶಾಲೆಯಲ್ಲಿ ಓದಿದರು. "ಚಂದ್ರಗಿರಿಯ ತೀರದಲ್ಲಿ" ಎಂಬ ಕನ್ನಡ ಕಾದಂಬರಿ ಬರೆದರು. ಮಲಯಾಳದ ಕೃತಿಗಳನ್ನು ಕನ್ನಡಕ್ಕೆ ತಂದರು. ಇವರಲ್ಲಿ ಯಾರೂ ಮನೆಮಾತನ್ನು ಹೊರಗೆ ಬಿಟ್ಟು ಕನ್ನಡದ ಒಳಗೆ ಬಂದವರಲ್ಲ. ಅದನ್ನು ಜತೆಗೆ ತಂದವರು.

ಪುಸ್ತಕವಿಲ್ಲದ ಮನೆ ಬರಿದಾದ ಮನೆಯೇ?

"ಅವರ ಮನೆಯಲ್ಲಿ ಒಂದು ಪುಸ್ತಕವೂ ಇಲ್ಲ, ಮಗು ಹೇಗೆ ಕಲಿತೀತು?" ಎಂಬ ಮಾತನ್ನು ನಾವು ಕೇಳುತ್ತೇವೆ. ಪುಸ್ತಕವಿಲ್ಲದಿರುವುದು ಕೊರತೆ ಹೌದು. ಆದರೆ ಆ ಮನೆಯಲ್ಲಿ ಕಲಿಕೆ ಇಲ್ಲ ಎನ್ನುವುದು ಸರಿಯಲ್ಲ.

ಯಕ್ಷಗಾನವನ್ನೇ ತೆಗೆದುಕೊಳ್ಳಿ. ಯಕ್ಷಗಾನದ ಹಿರಿಯ ಕವಿ ಪಾರ್ತಿಸುಬ್ಬನ ಊರು ನಮ್ಮ ಕುಂಬಳೆ. ತೆಂಕುತಿಟ್ಟಿನ ಆಟ, ತಾಳಮದ್ದಳೆಗಳು ಈ ನೆಲದಲ್ಲಿ ಬೆಳೆದವು. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪ್ರಸಂಗದ ಪದ ಹಾಡುತ್ತಾರೆ. ಅರ್ಥಧಾರಿಗಳು ಕುಳಿತಲ್ಲಿಯೇ ಮಾತಿನಿಂದ ರಾಮ, ರಾವಣ, ಕರ್ಣ, ಕೃಷ್ಣರಾಗುತ್ತಾರೆ. ಒಬ್ಬರು ಪ್ರಶ್ನೆ ಹಾಕಿದರೆ ಇನ್ನೊಬ್ಬರು ಅದಕ್ಕೆ ತಕ್ಕ ಉತ್ತರ ಕೊಡಬೇಕು. ದಿನವಿಡೀ ತುಳು ಮಾತನಾಡುವ ಮನೆಯ ಮಗು ರಾತ್ರಿ ಅಪ್ಪನ ಮಡಿಲಲ್ಲಿ ಕುಳಿತು ಅಚ್ಚಗನ್ನಡ ಕೇಳುತ್ತದೆ. ಎಷ್ಟೋ ತುಳು ಮನೆಗಳಿಗೆ ಕನ್ನಡ ಬಂದ ದಾರಿ ಶಾಲೆಯಲ್ಲ, ಚೆಂಡೆಯ ಸದ್ದು ಕೇಳಿಸುವ ಬಯಲು. ಶಾಲೆಯ ಮೆಟ್ಟಿಲು ಹತ್ತದ ಹಿರಿಯರೂ ಪುರಾಣದ ಕತೆಯನ್ನು ಎಡೆಬಿಡದೆ ಹೇಳಬಲ್ಲವರಾದುದು ಹೀಗೆ.

ಗದ್ದೆ ಕೆಲಸದ ಹಾಡುಗಳಲ್ಲಿ, ದೈವಗಳ ಕತೆ ಹೇಳುವ ಪಾಡ್ದನಗಳಲ್ಲಿ ತುಳುವಿನ ದೊಡ್ಡ ಸಾಹಿತ್ಯವಿದೆ. ಅದನ್ನು ಹಾಡಿ ಉಳಿಸಿದವರಲ್ಲಿ ಹೆಚ್ಚಿನವರು ಅಕ್ಷರ ಬಲ್ಲವರಲ್ಲ. ಕುಂಬಳೆಯ ಸಮೀಪದ ಮೊಗ್ರಾಲ್ ಮಾಪಿಳ ಹಾಡುಗಳಿಗೆ ಹೆಸರಾದ ಊರು. ಅಲ್ಲಿ ಮದುವೆಯ ಮನೆಯಲ್ಲಿ ಕೇಳಿದ ಹಾಡು ಮಗುವಿನ ಕಿವಿಯಲ್ಲಿ ಪ್ರಾಸದ ಪಾಠವಾಗುತ್ತದೆ. ಬೆಳಗ್ಗೆ ಮದ್ರಸಕ್ಕೆ ಹೋಗುವ ಮಗು ಬಲದಿಂದ ಎಡಕ್ಕೆ ಅರಬಿ ಅಕ್ಷರ ಓದುತ್ತದೆ. ಹತ್ತು ಗಂಟೆಗೆ ಶಾಲೆಗೆ ಬಂದು ಎಡದಿಂದ ಬಲಕ್ಕೆ ಕನ್ನಡ ಓದುತ್ತದೆ. ಇದೇನು ಸಣ್ಣ ಸಾಮರ್ಥ್ಯವೇ? ಬೇರೆ ಬೇರೆ ಲಿಪಿಗಳಿಗೆ ಬೇರೆ ಬೇರೆ ನಿಯಮವಿದೆ ಎಂದು ಏಳು ವರ್ಷಕ್ಕೇ ತಿಳಿದ ಮಗು ಅದು!

ಬುಟ್ಟಿ ಹೆಣೆಯುವ ಕೊರಗ ಕುಟುಂಬದ ಮಗುವನ್ನು ನೋಡಿ. ಎಷ್ಟು ಎಳೆ ಮೇಲೆ, ಎಷ್ಟು ಎಳೆ ಕೆಳಗೆ ಎಂಬ ಲೆಕ್ಕ ತಪ್ಪಿದರೆ ಬುಟ್ಟಿ ನಿಲ್ಲುವುದಿಲ್ಲ. ತಾಯಿಯ ಕೈಯನ್ನು ನೋಡುತ್ತಾ ಮಗು ಎಣಿಕೆಯನ್ನೂ ವಿನ್ಯಾಸವನ್ನೂ ಕಲಿಯುತ್ತದೆ. ಅಧ್ಯಾಪಕರು ಆ ಬುಟ್ಟಿಯನ್ನು ತರಗತಿಗೆ ತಂದು ಮೇಜಿನ ಮೇಲೆ ಇಟ್ಟರೆ ಗಣಿತದ ಪಾಠವೂ ತೊಡಗುತ್ತದೆ, ಆ ಮಗುವಿನ ತಲೆಯೂ ಎತ್ತರವಾಗುತ್ತದೆ.

ಕಾಗದದ ಮೇಲಿನ ಗೆಳೆತನ

ಹಾಗಾದರೆ ಮಾತು, ಕತೆ, ಹಾಡು ಇದ್ದರೆ ಸಾಕೇ? ಸಾಲದು. ಮಾತು ತಾನಾಗಿ ಅಕ್ಷರವಾಗುವುದಿಲ್ಲ. ಬರೆದುದಕ್ಕೆ ಬೆಲೆಯಿದೆ, ಬರೆದುದರಿಂದ ಉಪಯೋಗವಿದೆ ಎಂಬುದನ್ನು ಮಗು ಮನೆಯಲ್ಲಿ ಕಣ್ಣಾರೆ ಕಾಣಬೇಕು.

ವಿಜಯದಶಮಿಯಂದು ಹಲವು ಮನೆಗಳಲ್ಲಿ ಮಗುವಿನ ಬೆರಳು ಹಿಡಿದು ಅಕ್ಕಿಯ ಮೇಲೆ ಅಕ್ಷರ ಬರೆಸುತ್ತಾರೆ. ಇದು ಒಳ್ಳೆಯ ಪದ್ಧತಿ. ಅಕ್ಷರವೆಂದರೆ ಗೌರವದ ವಸ್ತು ಎಂದು ಮಗುವಿಗೆ ತಿಳಿಯುತ್ತದೆ. ಆದರೆ ಮರುದಿನ ಆ ಅಕ್ಕಿ ಅನ್ನವಾಗುತ್ತದೆ. ಮನೆಯಲ್ಲಿ ಮತ್ತೆ ವರ್ಷವಿಡೀ ಯಾರೂ ಏನನ್ನೂ ಓದದಿದ್ದರೆ ಬರೆಸಿದ ಅಕ್ಷರ ಎಷ್ಟು ದಿನ ಉಳಿದೀತು?

ಬರೆಹವನ್ನು ಕಾಣಲು ದಪ್ಪ ಪುಸ್ತಕವೇ ಬೇಕೆಂದಿಲ್ಲ. ಗೋಡೆಯಲ್ಲಿ ಕ್ಯಾಲೆಂಡರಿದೆ. ಅದರಲ್ಲಿ ಹಾಲಿನ ಲೆಕ್ಕ ಗುರುತು ಮಾಡುವ ಅಮ್ಮನಿದ್ದಾರೆ. ರೇಶನ್ ಕಾರ್ಡಿದೆ, ಕರೆಂಟು ಬಿಲ್ಲಿದೆ, ಮದುವೆಯ ಕಾಗದವಿದೆ, ಔಷಧಿಯ ಚೀಟಿಯಿದೆ. ಪೇಟೆಗೆ ಹೋದರೆ ಅಂಗಡಿಯ ಬೋರ್ಡುಗಳಲ್ಲಿ ಕನ್ನಡ, ಮಲಯಾಳ, ಇಂಗ್ಲಿಷ್ ಅಕ್ಷರಗಳಿವೆ. "ಇಲ್ಲಿ ಎಂತ ಬರೆದಿದೆ?" ಎಂದು ಮಗು ಕೇಳಿದಾಗ "ಸುಮ್ಮನಿರು" ಎನ್ನುವ ಮನೆ ಒಂದು. ನಿಂತು ಓದಿ ಹೇಳುವ ಮನೆ ಇನ್ನೊಂದು. ಎರಡು ಮನೆಗಳ ಸಂಪಾದನೆ ಒಂದೇ ಇರಬಹುದು, ಆದರೆ ಎರಡು ಮಕ್ಕಳ ಕಲಿಕೆ ಒಂದೇ ಆಗುವುದಿಲ್ಲ.

1998ರಲ್ಲಿ ಕೇರಳದಲ್ಲಿ ಕುಟುಂಬಶ್ರೀ ತೊಡಗಿತು. ಮನೆಯಂಗಳದಲ್ಲಿ ನಡೆಯುವ ಅದರ ಸಭೆಗಳಲ್ಲಿ ತಾಯಂದಿರು ವರದಿ ಬರೆಯುತ್ತಾರೆ, ಉಳಿತಾಯದ ಲೆಕ್ಕ ಬರೆಯುತ್ತಾರೆ, ಸಹಿ ಹಾಕುತ್ತಾರೆ. ಚಾಪೆಯ ಅಂಚಿನಲ್ಲಿ ಆಡುವ ಮಗು ಇದನ್ನು ನೋಡುತ್ತದೆ. ಅಮ್ಮ ಬರೆದುದನ್ನು ಎಲ್ಲರೂ ನಂಬುತ್ತಾರೆ ಎಂದು ಅದಕ್ಕೆ ಗೊತ್ತಾಗುತ್ತದೆ. ಇದಕ್ಕಿಂತ ಒಳ್ಳೆಯ ಬರವಣಿಗೆಯ ಪಾಠ ಬೇರೆ ಬೇಕೆ?

ದುಡಿಯುವ ಜನರೂ ಓದನ್ನು ದೂರವಿಟ್ಟವರಲ್ಲ. ನಮ್ಮ ನೆರೆಯ ಕಣ್ಣೂರಿನ ಬೀಡಿ ಕಾರ್ಮಿಕರಲ್ಲಿ ಒಂದು ರೂಢಿಯಿತ್ತು. ಎಲ್ಲರೂ ಕುಳಿತು ಬೀಡಿ ಕಟ್ಟುತ್ತಿದ್ದರೆ ಒಬ್ಬರು ದಿನಪತ್ರಿಕೆಯನ್ನು, ಕತೆ ಕಾದಂಬರಿಗಳನ್ನು ಗಟ್ಟಿಯಾಗಿ ಓದುತ್ತಿದ್ದರು. ಓದಿದವರ ಪಾಲಿನ ಬೀಡಿಯನ್ನು ಉಳಿದವರು ಕಟ್ಟಿಕೊಡುತ್ತಿದ್ದರು. ಬೀಡಿ ಆರೋಗ್ಯಕ್ಕೆ ಕೆಟ್ಟದ್ದು, ಆ ಮಾತು ಬೇರೆ. ಆದರೆ ಓದುವುದೂ ಒಂದು ಕೆಲಸ, ಅದಕ್ಕೂ ಕೂಲಿ ಸಲ್ಲಬೇಕು ಎಂದು ತಿಳಿದ ಆ ಜನರನ್ನು ಮೆಚ್ಚಬೇಕು.

ಪುಸ್ತಕ ಕೊಳ್ಳಲಾರದವರಿಗೆ ಗ್ರಂಥಾಲಯವಿದೆ. ಪಿ. ಎನ್. ಪಣಿಕ್ಕರ್ ಅವರ ಪ್ರಯತ್ನದಿಂದ 1945ರಲ್ಲಿ 47 ಗ್ರಂಥಾಲಯಗಳು ಅಂಬಲಪ್ಪುಳದಲ್ಲಿ ಸೇರಿ ಗ್ರಂಥಾಲಯ ಸಂಘ ಕಟ್ಟಿದವು. ಮುಂದೆ ಅದು ಹಳ್ಳಿಹಳ್ಳಿಗೆ ಹಬ್ಬಿತು. 1995ರ ಜೂನ್ 19ರಂದು ಅವರು ತೀರಿಕೊಂಡರು. ಅವರ ನೆನಪಿಗಾಗಿ ನಾವು ಆ ದಿನವನ್ನು ವಾಚನಾ ದಿನವಾಗಿ ಆಚರಿಸುತ್ತೇವೆ. 1991ರ ಎಪ್ರಿಲ್ 18ರಂದು ಕೇರಳ ಸಂಪೂರ್ಣ ಸಾಕ್ಷರ ರಾಜ್ಯವೆಂದು ಘೋಷಿಸಿದವರು ಯಾರು ಗೊತ್ತೇ? ಮಂತ್ರಿಗಳಲ್ಲ. ಮಲಪ್ಪುರಂ ಜಿಲ್ಲೆಯ ಚೇಲಕ್ಕೋಡನ್ ಆಯಿಷಾ ಎಂಬ ಮಹಿಳೆ. ಆಗಷ್ಟೇ ಅಕ್ಷರ ಕಲಿತ ಹಿರಿಯರಲ್ಲಿ ಅವರೂ ಒಬ್ಬರು. ಮನೆಯ ಹಿರಿಯರು ಅಕ್ಷರ ಕಲಿತರೆ ಆ ಮನೆಯ ಮಕ್ಕಳು ಶಾಲೆಗೆ ತಪ್ಪುವುದಿಲ್ಲ.

ಮನೆ ಬೇರೆ, ರೀತಿ ಬೇರೆ

ಇದು ನಮ್ಮ ಊರಿನ ವಿಷಯ ಮಾತ್ರವಲ್ಲ. ಅಮೆರಿಕದ ಶರ್ಲಿ ಬ್ರೈಸ್ ಹೀತ್ ಎಂಬ ಸಂಶೋಧಕಿ ಅಲ್ಲಿನ ಕೆರೊಲಿನಾ ಪ್ರದೇಶದ ಎರಡು ಕಾರ್ಮಿಕರ ನೆರೆಕರೆಗಳಲ್ಲಿ ಹಲವು ವರ್ಷ ಮಕ್ಕಳ ಮಾತನ್ನು ಗಮನಿಸಿದರು. 1983ರಲ್ಲಿ ಅದರ ಬಗ್ಗೆ ಪುಸ್ತಕ ಬರೆದರು. ಒಂದು ಕಡೆ ತಂದೆತಾಯಂದಿರು ಮಲಗುವ ಹೊತ್ತಿಗೆ ಚಿತ್ರಪುಸ್ತಕ ತೋರಿಸಿ "ಇದೇನು? ಅದೇನು?" ಎಂದು ಕೇಳುತ್ತಿದ್ದರು. ಇನ್ನೊಂದು ಕಡೆ ಮಕ್ಕಳ ಪುಸ್ತಕಗಳು ಕಡಿಮೆ. ಆದರೆ ಎಲ್ಲರ ನಡುವೆ ನಿಂತು ಬಣ್ಣ ಕಟ್ಟಿ ಕತೆ ಹೇಳುವುದರಲ್ಲಿ ಮಕ್ಕಳು ಗಟ್ಟಿಗರು. ಶಾಲೆ ಮೊದಲಿಗೆ ಕೇಳುವುದು "ಇದೇನು?" ಎಂಬ ಪ್ರಶ್ನೆಯನ್ನು. ಆದ್ದರಿಂದ ಎರಡನೆಯ ಕಡೆಯ ಮಕ್ಕಳು ಆರಂಭದಲ್ಲಿಯೇ ಹಿಂದೆ ಬಿದ್ದರು. ಮೇಲಿನ ತರಗತಿಗಳಲ್ಲಿ "ನೀನೇ ಯೋಚಿಸಿ ಬರೆ" ಎಂದಾಗ ಮೊದಲನೆಯ ಕಡೆಯ ಮಕ್ಕಳೂ ತಡವರಿಸಿದರು. ಅಧ್ಯಾಪಕರು ಮನೆಯ ರೀತಿಗಳನ್ನು ತಿಳಿದು ಪಾಠದ ಕ್ರಮವನ್ನು ಬದಲಿಸಿದಾಗ ಮಕ್ಕಳು ಚೆನ್ನಾಗಿ ಕಲಿತರು.

ಇದರಿಂದ ನಮಗೆ ತಿಳಿಯುವುದೇನು? ಮಕ್ಕಳಲ್ಲಿ ಬುದ್ಧಿಯ ಕೊರತೆ ಇರಲಿಲ್ಲ. ಮನೆಯ ರೀತಿ ಮತ್ತು ಶಾಲೆಯ ರೀತಿ ಒಂದನ್ನೊಂದು ಅರಿಯದೆ ದೂರ ನಿಂತಿದ್ದವು, ಅಷ್ಟೆ.

ನಮ್ಮಲ್ಲಿಯೂ ಇದು 2020ರಲ್ಲಿ ಸ್ಪಷ್ಟವಾಯಿತು. ಕೊರೋನಾ ಕಾಲದಲ್ಲಿ ಶಾಲೆ ಮುಚ್ಚಿದಾಗ ಆ ವರ್ಷದ ಜೂನ್ 1ರಿಂದ ಟಿ.ವಿ.ಯಲ್ಲಿ ಫಸ್ಟ್ ಬೆಲ್ ತರಗತಿಗಳು ತೊಡಗಿದವು. ಮನೆಯೇ ಶಾಲೆಯಾಯಿತು. ಪಕ್ಕದಲ್ಲಿ ಕುಳಿತು "ಈಗ ಹೇಳಿದ್ದು ಅರ್ಥವಾಯಿತೇ?" ಎಂದು ಕೇಳುವವರಿದ್ದ ಮಗು ಮುಂದೆ ಹೋಯಿತು. ಕೂಲಿಗೆ ಹೋಗಲೇಬೇಕಾದ ಮನೆಯಲ್ಲಿ ಮಗು ಒಂಟಿಯಾಗಿ ಪರದೆಯನ್ನು ನೋಡುತ್ತಾ ಕುಳಿತಿತು. ಯಂತ್ರ ಮಾತನಾಡುತ್ತದೆ, ಆದರೆ ನಮ್ಮ ಉತ್ತರಕ್ಕಾಗಿ ಕಾಯುವುದಿಲ್ಲ. ಮೊಬೈಲು ಕೊಟ್ಟು ಮಗುವನ್ನು ಸುಮ್ಮನಿರಿಸುವವರು ಇದನ್ನು ನೆನಪಿಡಬೇಕು. ಸುಮ್ಮನಿರುವ ಮಗುವಿನಲ್ಲಿ ಮಾತು ಬೆಳೆಯುವುದಿಲ್ಲ.

ಇನ್ನು ಕೆಲವು ಹೆತ್ತವರು "ಮನೆಮಾತು ಬೇಡ, ಕನ್ನಡವೂ ಬೇಡ, ಮೊದಲಿನಿಂದಲೇ ಇಂಗ್ಲಿಷ್ ಇರಲಿ" ಎನ್ನುತ್ತಾರೆ. ಅವರ ಆಸೆ ಅರ್ಥವಾಗುತ್ತದೆ. ಮಕ್ಕಳಿಗೆ ಒಳ್ಳೆಯ ಕೆಲಸ ಸಿಗಬೇಕೆಂದು ಯಾರಿಗೆ ಆಸೆಯಿಲ್ಲ? ಇಂಗ್ಲಿಷ್ ಕಲಿಯಲೇಬೇಕು. ಆದರೆ ಅರ್ಥವಾಗುವ ಭಾಷೆಯಲ್ಲಿ ಓದಲು ಕಲಿತ ಮಗು ಆ ಜಾಣ್ಮೆಯನ್ನು ಬೇರೆ ಭಾಷೆಗೂ ಒಯ್ಯುತ್ತದೆ. ಅರ್ಥವಾಗದ ಭಾಷೆಯಲ್ಲಿ ಬಾಯಿಪಾಠ ಮಾಡಿದ ಮಗುವಿಗೆ ಒಯ್ಯಲು ಏನೂ ಇರುವುದಿಲ್ಲ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯುವ ಸೌಕರ್ಯ ಒದಗಿಸಬೇಕೆಂದು ನಮ್ಮ ಸಂವಿಧಾನದ 350ಎ ವಿಧಿ ಹೇಳುತ್ತದೆ. ನಾವು ಕೇರಳದಲ್ಲಿ ಕನ್ನಡ ಪುಸ್ತಕ ಹಿಡಿದು ಓದುತ್ತಿರುವುದಕ್ಕೆ ಇಂತಹ ಹಕ್ಕುಗಳ ಬಲವಿದೆ. ಈ ಹಕ್ಕನ್ನು ಪಡೆದ ನಾವು ನಮ್ಮ ಪಕ್ಕದಲ್ಲಿ ಕುಳಿತ ತುಳು, ಬ್ಯಾರಿ, ಕೊರಗ ಮಗುವಿನ ಮಾತಿಗೂ ಅಷ್ಟೇ ಗೌರವ ಕೊಡಬೇಕು. ನಮಗೆ ಬೇಕೆಂದು ಕೇಳಿದುದನ್ನು ಇನ್ನೊಬ್ಬರಿಗೆ ನಿರಾಕರಿಸುವುದು ಸರಿಯಲ್ಲ.

ಯಾರು ಏನು ಮಾಡಬೇಕು?

ಅಂಗನವಾಡಿಯಲ್ಲಿ, ಒಂದನೇ ತರಗತಿಯಲ್ಲಿ ಮಗು ತನ್ನ ಮನೆಮಾತಿನಲ್ಲಿ ಉತ್ತರ ಹೇಳಿದರೆ ಮೊದಲು "ಸರಿ" ಎನ್ನಬೇಕು. ಅನಂತರ ಅದೇ ಉತ್ತರವನ್ನು ಕನ್ನಡದಲ್ಲಿ ಹೇಗೆ ಹೇಳಬಹುದು ಎಂದು ತೋರಿಸಬೇಕು. ವರ್ಷಕ್ಕೆ ಕೆಲವು ಬಾರಿಯಾದರೂ ಊರಿನ ಅಜ್ಜ ಅಜ್ಜಿಯರನ್ನು ತರಗತಿಗೆ ಕರೆದು ಕತೆ ಹೇಳಿಸಬೇಕು. ಅವರು ಹೇಳಿದ ಕತೆಯನ್ನು ಬರೆದು, ಚಿತ್ರ ಬಿಡಿಸಿ, ಹೊಲಿದು ಪುಸ್ತಕ ಮಾಡಬಹುದು. ಶಾಲೆಯ ಗ್ರಂಥಾಲಯದ ಪುಸ್ತಕಗಳು ಕಪಾಟಿನ ಒಳಗೆ ಬೀಗದಲ್ಲಿರಬಾರದು, ಮಕ್ಕಳ ಚೀಲದಲ್ಲಿ ಮನೆಗೆ ಹೋಗಬೇಕು. ಹರಿದರೆ ಹರಿಯಲಿ, ಅಂಟಿಸಬಹುದು.

ತಂದೆತಾಯಂದಿರು ಓದು ಬಾರದವರಾದರೂ ಚಿಂತೆಯಿಲ್ಲ. "ಇವತ್ತು ಶಾಲೆಯಲ್ಲಿ ಎಂತ ಆಯ್ತು?" ಎಂದು ದಿನವೂ ಕೇಳಿ, ಉತ್ತರ ಮುಗಿಯುವವರೆಗೆ ಕಿವಿಗೊಟ್ಟರೆ ಅದೇ ದೊಡ್ಡ ಸಹಾಯ.

ಕೊನೆಯ ಮಾತು ನಿಮಗೆ. ಇದನ್ನು ಓದುತ್ತಿರುವ ನೀವು ಚಿಕ್ಕವರೆಂದು ತಿಳಿಯಬೇಡಿ. ನಿಮ್ಮ ಮನೆಯಲ್ಲಿಯೋ ನೆರೆಮನೆಯಲ್ಲಿಯೋ ಮೂರು ನಾಲ್ಕು ವರ್ಷದ ತಮ್ಮನೋ ತಂಗಿಯೋ ಇರಬಹುದು. ಆ ಮಗುವಿನ ಪಾಲಿಗೆ ನೀವು ಅಣ್ಣ, ಅಕ್ಕ. ಮೊದಲ ಗುರುವೂ ಹೌದು. ನೀವು ಹೋಂವರ್ಕ್ ಬರೆಯುವಾಗ ಅದು ಬಂದು ಪೆನ್ಸಿಲಿಗೆ ಕೈ ಹಾಕಿದರೆ ಗದರಿಸಬೇಡಿ. ಒಂದು ತುಂಡು ಕಾಗದ ಕೊಡಿ. ಅದು ಗೀಚಿದ್ದನ್ನು "ಇದೇನು ಬರೆದೆ, ಓದು ನೋಡುವ" ಎಂದು ಕೇಳಿ. ಅದು ತನಗೆ ತೋಚಿದ್ದನ್ನು ಓದುತ್ತದೆ. ನಗಬೇಡಿ. ಬರೆದುದನ್ನು ಓದಬಹುದು ಎಂದು ಆ ಮಗು ಅಂದು ಕಂಡುಕೊಳ್ಳುತ್ತದೆ.

ಶಾಲೆಯಲ್ಲಿ ನಿಮ್ಮ ಪಕ್ಕದ ಮಗುವಿನ ಉಚ್ಚಾರ ಬೇರೆಯಾಗಿದ್ದರೆ ಅದನ್ನು ಅಣಕಿಸಬೇಡಿ. "ನಿಮ್ಮ ಮನೆಯಲ್ಲಿ ಇದಕ್ಕೆ ಎಂತ ಹೇಳ್ತಾರೆ?" ಎಂದು ಕೇಳಿ. ಅಂದು ನೀವು ಒಂದು ಹೊಸ ಪದ ಕಲಿಯುವಿರಿ, ಅದಕ್ಕೆ ಒಬ್ಬ ಗೆಳೆಯ ಸಿಗುವನು. ಮನೆಯ ಮಾತಿಗೂ ಶಾಲೆಯ ಅಕ್ಷರಕ್ಕೂ ನಡುವೆ ಇರುವ ದಾರಿ ಉದ್ದವೇನಲ್ಲ. ಕೈಹಿಡಿದು ನಡೆಸುವವರು ಬೇಕು.

ಪದಕೋಶ

ಸಂಗಮ - ಕೂಡುವುದು, ಸೇರುವ ಜಾಗ
ಪ್ರಾಸ - ಪದಗಳಲ್ಲಿ ಒಂದೇ ಬಗೆಯ ಧ್ವನಿ ಮರಳಿ ಬರುವುದು
ಎದುರುಕತೆ - ಒಗಟು
ಪಾಡ್ದನ - ದೈವಗಳ, ವೀರರ ಕತೆ ಹೇಳುವ ತುಳು ಹಾಡು
ಅರ್ಥಧಾರಿ - ತಾಳಮದ್ದಳೆಯಲ್ಲಿ ಪಾತ್ರದ ಮಾತು ಆಡುವವರು
ಆಟಿ - ತುಳುವರ ಮಳೆಗಾಲದ ಒಂದು ತಿಂಗಳು
ಸಾಕ್ಷರ - ಓದು ಬರಹ ಬಲ್ಲ
ಜಾಣ್ಮೆ - ಚಾತುರ್ಯ

ಚಟುವಟಿಕೆಗಳು

1. "ತರಗತಿಯಲ್ಲಿ ಮೌನವಾದುದು ಅದರ ಬುದ್ಧಿಯಲ್ಲ, ಅದರ ಮಾತು." ಈ ಮಾತಿನ ಅರ್ಥವೇನು? ಗುಂಪಿನಲ್ಲಿ ಚರ್ಚಿಸಿ ಬರೆಯಿರಿ.
2. ನಿಮ್ಮ ತರಗತಿಯ ಮಕ್ಕಳ ಮನೆಮಾತುಗಳು ಯಾವುವು? ನೀರು, ಮನೆ, ಹೂವು, ತಾಯಿ, ಹತ್ತು ಈ ಪದಗಳಿಗೆ ಆ ಭಾಷೆಗಳಲ್ಲಿ ಏನೆನ್ನುತ್ತಾರೆ? ಪಟ್ಟಿ ತಯಾರಿಸಿ.
3. ಕನ್ನಡದಲ್ಲಿ "ಹ" ಇದ್ದು ತುಳು ಅಥವಾ ಮಲಯಾಳದಲ್ಲಿ "ಪ" ಇರುವ ಇನ್ನಷ್ಟು ಪದಗಳನ್ನು ಸಂಗ್ರಹಿಸಿ.
4. ಮನೆಯ ಹಿರಿಯರಿಂದ ಒಂದು ಕತೆ ಅಥವಾ ಒಗಟು ಕೇಳಿ ಬರೆದು ತನ್ನಿ. ಎಲ್ಲರ ಬರಹಗಳನ್ನು ಸೇರಿಸಿ ಕೈಬರಹದ ಪತ್ರಿಕೆ ಹೊರತನ್ನಿ.
5. ನಿಮ್ಮ ಮನೆಯಲ್ಲಿ ಅಕ್ಷರಗಳು ಎಲ್ಲೆಲ್ಲಿ ಕಾಣಸಿಗುತ್ತವೆ? ಒಂದು ದಿನ ಗಮನಿಸಿ ಟಿಪ್ಪಣಿ ಮಾಡಿ.
6. ಲೇಖಕರ ಅಭಿಪ್ರಾಯಗಳಲ್ಲಿ ನೀವು ಒಪ್ಪುವುದು ಯಾವುದು? ಒಪ್ಪದಿರುವುದು ಯಾವುದು? ಕಾರಣ ಸಹಿತ ತಿಳಿಸಿ.